ಏಳು ಮಳೆಗಾಲ ಕಂಡ ಪೆಂಟಾಕ್ಸ್ ಕೆ-1000

ಮಲೆನಾಡಿನಲ್ಲಿದ್ದುಕೊಂಡು ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಬೇಕೆಂದಿರುವವರು ಫಿಲ್ಮಿಗೆ ಬೆಳಕು ಬಿಡುವ ಶಟರಿನ ವೇಗ, ಲೆನ್ಸಿನ ಗುಣಮಟ್ಟ ಇತ್ಯಾದಿ ವಿಚಾರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಪುಷ್ಯ ಮಳೆಯನ್ನು ತಾಳಿಕೊಳ್ಳುತ್ತದೆಯೇ? ನನ್ನ ಪೆಂಟಾಕ್ಸ್ ಕೆ-1000 ಚಿಕ್ಕಮಗಳೂರಿನ ಹೊರವಲಯದ ನಮ್ಮ ಹೆಂಚಿನ ಮನೆಯಲ್ಲಿ ಏಳು ಮಳೆಗಾಲ ಕಳೆದಿದೆ. ಎರಡನೆಯ ಮಳೆಗಾಲದಲ್ಲಿ ನನ್ನ ಅಜಾಗರೂಕತೆಯಿಂದ ಪೆಟ್ಟು ತಿಂದಿತು. ಉಳಿದ ಆರನ್ನೂ ಸುಖವಾಗಿ ದಾಟಿತು.

ಹಾಸನದಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಹಿರಿಯರೊಬ್ಬರಿಂದ 2018ರಲ್ಲಿ ಇದನ್ನು ಕೊಂಡೆ. ಜೊತೆಗೆ 50 ಮಿ.ಮೀ. ಎಫ್/2 ಲೆನ್ಸು, ಫಿಲ್ಮ್ ತೊಳೆಯುವ ಪ್ಯಾಟರ್ಸನ್ ಟ್ಯಾಂಕು, ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದದ ಖಾಲಿ ಪೆಟ್ಟಿಗೆಯೊಂದನ್ನೂ ಕೊಟ್ಟರು. ಆ ಕಾರ್ಖಾನೆ ಮುಚ್ಚಿಹೋಗಿದೆ. ಪೆಟ್ಟಿಗೆ ಮಾತ್ರ ಗಟ್ಟಿಯಾಗಿದೆ; ಪ್ರಿಂಟಿನ ಕಾಗದವನ್ನು ಕಪ್ಪು ಚೀಲದ ಸಮೇತ ಈಗಲೂ ಅದರಲ್ಲೇ ಇಡುತ್ತೇನೆ. ಹೊರಡುವಾಗ ಅವರು, "ಬೀರುವಿನಲ್ಲಿಟ್ಟು ಮರೆಯಬೇಡಮ್ಮ. ಫಿಲ್ಮ್ ಇಲ್ಲದಿದ್ದರೂ ವಾರಕ್ಕೊಮ್ಮೆ ಶಟರ್ ಹೊಡಿ," ಎಂದಿದ್ದರು. ಆ ಮಾತಿನ ಬೆಲೆ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಕೆ-1000 ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ತಯಾರಿಕೆ ನಿಂತದ್ದು 1997ರಲ್ಲಿ. ಅಷ್ಟು ವರ್ಷ ಹೆಚ್ಚು ಬದಲಾಗದೆ ಉಳಿದದ್ದಕ್ಕೆ ಕಾರಣ ಅದರ ಸರಳತೆ. ಶಟರ್ ಪೂರ್ತಿ ಯಾಂತ್ರಿಕ. ಒಂದು ಸೆಕೆಂಡಿನಿಂದ ಸೆಕೆಂಡಿನ ಸಾವಿರದ ಒಂದು ಭಾಗದವರೆಗಿನ ಎಲ್ಲ ವೇಗಗಳೂ ಬ್ಯಾಟರಿಯಿಲ್ಲದೆ ನಡೆಯುತ್ತವೆ. ಬ್ಯಾಟರಿ ಬೇಕಿರುವುದು ಬೆಳಕಿನ ಮೀಟರಿಗೆ ಮಾತ್ರ. ಗಡಿಯಾರದ ಅಂಗಡಿಯಲ್ಲಿ ಸಿಗುವ ಎಲ್‌ಆರ್-44 ಗುಂಡಿ ಬ್ಯಾಟರಿ ಒಂದು ಸಾಕು. ಮೀಟರಿಗೆ ಸ್ವಿಚ್ಚಿಲ್ಲ ಎಂಬುದು ನೆನಪಿರಲಿ. ಲೆನ್ಸಿನ ಮುಚ್ಚಳ ತೆಗೆದಿಟ್ಟರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ. ಮುಚ್ಚಳವೇ ಸ್ವಿಚ್ಚು ಎಂದುಕೊಂಡ ಮೇಲೆ ನನ್ನ ಬ್ಯಾಟರಿ ವರ್ಷ ದಾಟಿ ಬಾಳುತ್ತಿದೆ.

ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಬಲಗಡೆ ಮೀಟರಿನ ಮುಳ್ಳು ಕಾಣುತ್ತದೆ. ಅದು ನಡುವೆ ಅಡ್ಡಡ್ಡ ನಿಂತರೆ ಬೆಳಕು ಸರಿ, ಮೇಲೆ ಹೋದರೆ ಹೆಚ್ಚು, ಕೆಳಗಿಳಿದರೆ ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. ಆದರೆ ಮೀಟರ್ ಚೌಕಟ್ಟಿನಲ್ಲಿ ಬಿದ್ದ ಬೆಳಕನ್ನೆಲ್ಲ ಸೇರಿಸಿ ಸರಾಸರಿ ಹೇಳುತ್ತದೆ, ಯಾವುದು ಮುಖ್ಯ ಎಂದು ಅದಕ್ಕೆ ತಿಳಿಯದು. ಇದನ್ನು ನಾನು ಕಲಿತದ್ದು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ. ಸೂರಿನ ಕೆಳಗಿನ ಮದನಿಕೆಯರನ್ನು ತಲೆಯೆತ್ತಿ ತೆಗೆಯುವಾಗ ಹಿಂದೆ ಬಿಳಿ ಆಕಾಶವಿತ್ತು. ಮುಳ್ಳನ್ನು ನಂಬಿದೆ, ಮೊದಲ ರೋಲಿನ ಮದನಿಕೆಯರೆಲ್ಲ ಮಸಿಯಾದರು. ಈಗ ಮೊದಲು ಆಕಾಶ ಬಾರದಂತೆ ಬರಿ ಕಲ್ಲಿನ ಕಡೆ ಕ್ಯಾಮೆರಾ ತಿರುಗಿಸಿ ಮುಳ್ಳು ಸರಿಮಾಡಿಕೊಳ್ಳುತ್ತೇನೆ. ಬಳಿಕ ಯಾವುದನ್ನೂ ಮುಟ್ಟದೆ ಚೌಕಟ್ಟು ಕಟ್ಟುತ್ತೇನೆ. ಬಳಪದ ಕಲ್ಲಿನ ಆಭರಣಗಳ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಮೂಡಿದ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಪೆಟ್ಟು ತಿಂದ ಕಥೆ. ಎರಡನೆಯ ವರ್ಷ ಜೂನ್‌ನಲ್ಲಿ ಕ್ಯಾಮೆರಾವನ್ನು ಚರ್ಮದ ಕವಚದೊಳಗೇ ಬಿಟ್ಟು, ಬಟ್ಟೆಯ ಬೀರುವಿನಲ್ಲಿಟ್ಟು, ಸೆಪ್ಟೆಂಬರಿನವರೆಗೆ ಮುಟ್ಟಲಿಲ್ಲ. ತೆಗೆದಾಗ ಕವಚದ ಮೇಲೆ ಹಸಿರು ಬೂಷ್ಟು. ಟಾರ್ಚು ಬಿಟ್ಟು ನೋಡಿದರೆ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಬಿಳಿ ಎಳೆಗಳು. ಬೆಂಗಳೂರಿಗೆ ಒಯ್ದು ಬಿಚ್ಚಿಸಿ ಒರೆಸಿಸಿದೆ. ಬೂಷ್ಟು ಹೋಯಿತು, ಆದರೆ ಗಾಜಿನ ಲೇಪನದಲ್ಲಿ ಅದು ಕೊರೆದ ಗುರುತು ಉಳಿಯಿತು. ಸೂರ್ಯನಿಗೆ ಎದುರಾಗಿ ತೆಗೆದರೆ ಇಂದಿಗೂ ಚಿತ್ರ ತುಸು ಮಂಕಾಗುತ್ತದೆ.

ಅಂದಿನಿಂದ ಚರ್ಮದ ಕವಚಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಕ್ಯಾಮೆರಾ, ಲೆನ್ಸು ಎರಡೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿರುತ್ತವೆ. ನೀಲಿ ಹರಳು ಗುಲಾಬಿಗೆ ತಿರುಗಿತೆಂದರೆ ತೇವ ಕುಡಿದಿದೆ ಎಂದರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಕೂಡದು. ಬೀರುವಿನಲ್ಲಿ ಹಳೆಯ ಕಾಲದ ತಂತಿ ಬಲ್ಬು ಉರಿಸುವ ಪದ್ಧತಿಯೂ ಒಳ್ಳೆಯದೇ. ಎಲ್‌ಇಡಿ ಬಲ್ಬಿನಿಂದ ಆ ಕೆಲಸ ಆಗದು, ಅದಕ್ಕೆ ಬೇಕಾದಷ್ಟು ಬಿಸಿಯಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬಿಸಿಲು ಒಂದರ್ಧ ಗಂಟೆ ಇಣುಕಿದರೂ ಸಾಕು, ಲೆನ್ಸು ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ, ಎಲ್ಲ ವೇಗಗಳಲ್ಲೂ ಶಟರ್ ಹೊಡೆಯುತ್ತೇನೆ.

ಹಿಂಬದಿಯ ಬಾಗಿಲಿನ ಅಂಚಿನ ಸ್ಪಂಜು ನಾನು ಕೊಳ್ಳುವಾಗಲೇ ಕರಗಿ ಡಾಂಬರಿನಂತೆ ಅಂಟುತ್ತಿತ್ತು. ಅದನ್ನು ಹಲ್ಲುಕಡ್ಡಿಯಿಂದ ಕೆರೆದು, ಕಪ್ಪು ಉಲ್ಲನ್ ದಾರ ಕೂರಿಸಿದೆ. ಅಂದಿನಿಂದ ಒಂದು ಚಿತ್ರಕ್ಕೂ ಬೆಳಕು ಸೋರಿಲ್ಲ.

ಫಿಲ್ಮ್ ತೊಳೆಯುವುದು ನಮ್ಮ ಹಳೆಯ ಬಚ್ಚಲುಮನೆಯಲ್ಲಿ. ಕಿಟಕಿಗೆ ಕರಿ ಕಂಬಳಿ ಇಳಿಬಿಟ್ಟು, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ, ಮೊದಲ ದಿನ ಹತ್ತು ನಿಮಿಷ ಸುಮ್ಮನೆ ಕುಳಿತೆ. ಕಣ್ಣು ಕತ್ತಲೆಗೆ ಪಳಗಿದ ಮೇಲೆ ಹೆಂಚಿನ ಬಿರುಕಿನಿಂದ ಬರುವ ಬೆಳಕು ಕಂಡಿತು. ಅದನ್ನು ಮುಚ್ಚಿದ ಮೇಲೆ ಹಂಡೆಯ ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಕಂಡಿತು! ಫಿಲ್ಮಿಗೆ ಕೆಂಪು ಬೆಳಕೂ ಕಾಣುತ್ತದೆ, ಹಾಗಾಗಿ ಕೆಂಡವನ್ನೂ ಆರಿಸಬೇಕು. ರಾತ್ರಿ ಊಟವಾದ ಮೇಲೆಯೇ ಕೆಲಸ ಶುರುಮಾಡುತ್ತೇನೆ.

ಕತ್ತಲೆಯಲ್ಲಿ ಫಿಲ್ಮ್ ಸುತ್ತಲು ಪ್ಯಾಟರ್ಸನ್ ಟ್ಯಾಂಕಿನ ಪ್ಲಾಸ್ಟಿಕ್ ರೀಲು ಒಳ್ಳೆಯದು. ಎರಡು ತಟ್ಟೆಗಳನ್ನು ಹಿಂದೆ ಮುಂದೆ ತಿರುಗಿಸುತ್ತ ಹೋದರೆ ಫಿಲ್ಮ್ ತಾನಾಗಿ ಸುತ್ತಿಕೊಳ್ಳುತ್ತದೆ. ಆದರೆ ರೀಲಿನ ಜಾಡಿನಲ್ಲಿ ಒಂದು ಹನಿ ತೇವವಿದ್ದರೂ ಫಿಲ್ಮ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಕತ್ತಲೆಯಲ್ಲಿ ಬಲವಂತ ಮಾಡಿದರೆ ಮಡಚಿ ಹಾಳಾಗುತ್ತದೆ. ಜುಲೈನಲ್ಲಿ ನಮ್ಮಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ರೀಲನ್ನು ಒಲೆಯಿಂದ ಮಾರು ದೂರದಲ್ಲಿ ಒಂದು ಗಂಟೆ ಇಟ್ಟು, ಬೆರಳಾಡಿಸಿ ನೋಡಿ, ಆಮೇಲೆ ಬಳಸುತ್ತೇನೆ.

ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮನ್ನು ಚಿತ್ರ ಮೂಡಿಸುವ ಐಡಿ-11 ಡೆವಲಪರ್ ದ್ರಾವಣಕ್ಕೆ ಸಮ ನೀರು ಬೆರೆಸಿ ತೊಳೆಯುತ್ತೇನೆ. 20 ಡಿಗ್ರಿಯಲ್ಲಿ ಅದಕ್ಕೆ 13 ನಿಮಿಷ. ಈ 20 ಡಿಗ್ರಿಯ ವಿಷಯದಲ್ಲಿ ಚಿಕ್ಕಮಗಳೂರಿನವರು ಪುಣ್ಯವಂತರು: ಡಿಸೆಂಬರಿನಲ್ಲಿ ನಮ್ಮ ಬಾವಿಯ ನೀರು ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ, ಮಂಜುಗಡ್ಡೆಯ ರಗಳೆಯಿಲ್ಲ. ಏಪ್ರಿಲಿನಲ್ಲಿ ನೀರು ಬಿಸಿಯಾದಾಗ ಸಮಯ ಇಳಿಸಬೇಕು. 24 ಡಿಗ್ರಿಗೆ ಸುಮಾರು 9 ನಿಮಿಷ ಸಾಕು. ಮೂಡಿದ ಚಿತ್ರ ಬೆಳಕಿಗೆ ಹಾಳಾಗದಂತೆ ಮಾಡುವ ಹೈಪೋ ದ್ರಾವಣ ಬಳಸಿ ಮುಗಿದಾಗ ಅದರಲ್ಲಿ ಬೆಳ್ಳಿ ಕರಗಿರುತ್ತದೆ. ದಯವಿಟ್ಟು ಅದನ್ನು ತೋಟಕ್ಕೋ ಬಾವಿಕಟ್ಟೆಗೋ ಚೆಲ್ಲಬೇಡಿ, ಕ್ಯಾನಿನಲ್ಲಿ ಕೂಡಿಡಿ.

ಕಾಫಿ ನಾಡಿನಲ್ಲಿದ್ದು ಕಾಫಿಯಲ್ಲೇ ಫಿಲ್ಮ್ ತೊಳೆಯದಿದ್ದರೆ ಹೇಗೆ? ಕೆಫೆನಾಲ್ ಎನ್ನುವ ಈ ವಿಧಾನ 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ತರಗತಿಯೊಂದರಲ್ಲಿ ರೂಪುಗೊಂಡದ್ದು. ಲೀಟರ್ ನೀರಿಗೆ 54 ಗ್ರಾಂ ನೀರಿನಂಶವಿಲ್ಲದ ಒಗೆಯುವ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ದಿಢೀರ್ ಕಾಫಿ ಪುಡಿ. 20 ಡಿಗ್ರಿಯಲ್ಲಿ 15 ನಿಮಿಷ. ಚಿತ್ರ ಮೂಡಿಸುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ. ನಮ್ಮ ತೋಟದ ಅರೇಬಿಕಾದ ಗಟ್ಟಿ ಡಿಕಾಕ್ಷನ್ನಿನಲ್ಲೇ ಮಾಡಬೇಕೆಂಬ ಆಸೆಯಿಂದ ಮೊದಲ ಸಲ ಪ್ರಯತ್ನಿಸಿದೆ. ನೆಗೆಟಿವ್ ನೀರುಮಜ್ಜಿಗೆಯಷ್ಟು ತೆಳ್ಳಗೆ ಬಂತು. ಎರಡನೆಯ ಸಲ ದಿಢೀರ್ ಪುಡಿ ತಂದರೂ ಹಾಗೇ ಆಯಿತು. ತಪ್ಪು ಸೋಡಾದಲ್ಲಿತ್ತು: ಅಂಗಡಿಯವರು ಕೊಟ್ಟದ್ದು ಹರಳು ಸೋಡಾ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ 54 ಗ್ರಾಂ ಬದಲು 146 ಗ್ರಾಂ ಹಾಕಬೇಕು. ಮೂರನೆಯ ಸಲ ತೂಗಿ ಹಾಕಿದೆ, ಚಿತ್ರ ಬಂತು. ಚಿಕೋರಿ ಬೆರೆಸಿದ ಪುಡಿ ಬೇಡ, ಅಡುಗೆ ಸೋಡಾ ಬೇಡವೇ ಬೇಡ. ವಾಸನೆ ಮಾತ್ರ ಸಹಿಸಲಸಾಧ್ಯ. "ಇಷ್ಟು ಒಳ್ಳೆಯ ಕಾಫಿಯ ಊರಿನಲ್ಲಿ ಇದೆಂಥ ನಾತವೇ?" ಎಂದು ಅಮ್ಮ ಹಿತ್ತಿಲ ಬಾಗಿಲು ತೆರೆದಿಟ್ಟರು. ಆ ರೋಲಿನಲ್ಲಿದ್ದದ್ದು ಕಣದಲ್ಲಿ ಹಣ್ಣು ಹರವುತ್ತಿದ್ದ ಅಮ್ಮನ ಚಿತ್ರ. ಕಾಫಿಯಲ್ಲಿ ಮೂಡಿದ ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿ ನಡುಮನೆಯಲ್ಲಿ ತೂಗುಹಾಕಿದ್ದೇನೆ.

ಪ್ರಿಂಟಿನ ಬಗ್ಗೆ ಚುಟುಕಾಗಿ: ಕಾಗದಕ್ಕೆ ಕೆಂಪು ಬೆಳಕು ಕಾಣದಾದ್ದರಿಂದ ಕೆಂಪು ದೀಪದಡಿ ಕೆಲಸ ಮಾಡಬಹುದು. ತಟ್ಟೆಯಲ್ಲಿ ಬಿಳಿ ಹಾಳೆ ಅಲುಗಾಡುತ್ತ ಹತ್ತು ಹದಿನೈದು ಸೆಕೆಂಡಿಗೆ ಮೊದಲು ಸೆರಗಿನ ಅಂಚು, ಆಮೇಲೆ ಕಣ್ಣು ಕಾಣಿಸಿಕೊಳ್ಳುವುದನ್ನು ನೂರು ಸಲ ನೋಡಿದ್ದೇನೆ. ಇನ್ನೂ ಪ್ರತಿ ಸಲ ಉಸಿರು ಬಿಗಿಹಿಡಿಯುತ್ತೇನೆ.

ಕ್ಯಾಮೆರಾದ ಕೊರತೆಗಳೂ ಇವೆ. ಸೆಲ್ಫ್ ಟೈಮರ್ ಇಲ್ಲ. ಆಯ್ದ ವೇಗ ಎಷ್ಟೆಂದು ವ್ಯೂಫೈಂಡರಿನಲ್ಲಿ ಕಾಣುವುದಿಲ್ಲ. ಕಣ್ಣು ತೆಗೆದು ಮೇಲಿನ ಚಕ್ರ ನೋಡಬೇಕು. ಶಟರ್ ಗುಂಡಿಗೆ ಬೀಗವಿಲ್ಲದ್ದರಿಂದ ಚೀಲದೊಳಗೆ ಒತ್ತಿಹೋಗಿ ಕೆಲವು ಚಿತ್ರಗಳು ವ್ಯರ್ಥವಾಗಿವೆ. ಒಂದು ರೋಲಿಗೆ ಸಾವಿರ ರೂಪಾಯಿ ಆಸುಪಾಸು ಕೊಡುವಾಗ 36ರಲ್ಲಿ ಒಂದು ಹೋದರೂ ಹೊಟ್ಟೆ ಉರಿಯುತ್ತದೆ.

ಕೊಳ್ಳುವವರು ಹಿಂಬಾಗಿಲು ತೆರೆದು ಶಟರಿನ ಬಟ್ಟೆ ಪರದೆಯಲ್ಲಿ ತೂತು, ಸುಕ್ಕು ಇವೆಯೇ ನೋಡಿ. ಒಂದು ಸೆಕೆಂಡಿಗಿಟ್ಟು ಹೊಡೆದರೆ ತಡವರಿಸದೆ ಮುಚ್ಚಬೇಕು. ಸಾವಿರಕ್ಕಿಟ್ಟು ಬೆಳಕಿನ ಕಡೆ ಹಿಡಿದು ಹೊಡೆದರೆ ಕಿಂಡಿಯ ಎರಡೂ ಬದಿ ಒಂದೇ ಸಮ ಬೆಳಗಬೇಕು. ನನ್ನದರಲ್ಲಿ ಈಚೆಗೆ ಒಂದು ಬದಿ ತುಸು ಮಂಕಾಗುತ್ತಿದೆ; ದೀಪಾವಳಿ ಕಳೆದ ಮೇಲೆ ರಿಪೇರಿಗೆ ಕೊಡಬೇಕು, ಅಲ್ಲಿಯವರೆಗೆ ಐನೂರಕ್ಕೇ ನಿಲ್ಲಿಸುತ್ತೇನೆ. ಲೆನ್ಸನ್ನಂತೂ ಟಾರ್ಚಿಲ್ಲದೆ ಕೊಳ್ಳಲೇಬೇಡಿ. ನಾನು ನಿನ್ನೆ ಸಂಜೆ ಮಳೆ ಹೊಳವಾದಾಗ ಮತ್ತೆ ಟಾರ್ಚು ಬಿಟ್ಟು ನೋಡಿದೆ. ಹಳೆಯ ಗುರುತು ಇದ್ದಲ್ಲೇ ಇದೆ, ಹೊಸ ಎಳೆ ಒಂದೂ ಇಲ್ಲ.