ಒಂದೇ ಪ್ರೇಮಕಥೆ, ಮೂರು ಕಡಲ ಭೂತಗಳು

ಬಸವನಗುಡಿಯ ಎರಡನೇ ಮಹಡಿಯಲ್ಲಿ ಕೂತು ಸಮುದ್ರದೊಳಗಿನ ಪ್ರೇಮಕಥೆ ಬರೆಯೋದು ಸ್ವಲ್ಪ ತಮಾಷೆಯೇ. ನಾನು ಕಡಲೊಳಗೆ ಇಳಿದಿದ್ದು ಒಂದೇ ಸಲ, ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಹತ್ತಿರ. ಆ ಅರ್ಧ ಗಂಟೆಯ ನೆನಪಲ್ಲೇ ಕಥೆ ಶುರು ಮಾಡಿದೆ. ಡೈವಿಂಗ್ ಕಲಿಯಲು ಹೋದ ಬೆಂಗಳೂರಿನ ಹುಡುಗಿಗೆ ನೀರಿನಡಿಯ ಭೂತವೊಂದರ ಮೇಲೆ ಮನಸ್ಸಾಗುತ್ತದೆ. ಸರಿ, ಆದರೆ ಭೂತ ಹೇಗಿರಬೇಕು? ತೀರ್ಮಾನವಾಗದೆ ಅದೇ ಕಥೆಯನ್ನು ಮೂರು ಸಲ ಬರೆದೆ. ಮೂರನ್ನೂ ತಂಗಿಗೆ ಓದಲು ಕೊಟ್ಟೆ. ಅವಳಿಗೆ ಮುಲಾಜು ಅನ್ನೋದೇ ಇಲ್ಲ.

ಮೊದಲನೆಯವನು ಮತ್ಸ್ಯಪುರುಷ. ಸೊಂಟದಿಂದ ಕೆಳಗೆ ಮೀನು, ಮೇಲೆ ಜಿಮ್ ಟ್ರೈನರ್. ನಾಲ್ಕು ಪುಟ ಸರಾಗವಾಗಿ ಬಂತು. ನನಗೆ ಅನುಮಾನ ಬಂದಿದ್ದೇ ಅದಕ್ಕೆ. ಇವನನ್ನು ಎತ್ತಿಕೊಂಡು ಹೋಗಿ ಜಯನಗರದ ಯಾವುದೋ ದರ್ಶಿನಿಯಲ್ಲಿ ನಿಲ್ಲಿಸಿದರೂ ಒಂದು ಸಾಲು ಬದಲಾಯಿಸಬೇಕಾಗಿಲ್ಲ. ಜೊತೆಗೆ, 20 ಮೀಟರ್ ಆಳದಲ್ಲಿ ಅವಳ ಕೆಂಪು ನೇಲ್ ಪಾಲಿಶ್ ಹೊಳೆಯಿತು ಅಂತ ಬರೆದುಬಿಟ್ಟಿದ್ದೆ. ನೀರು ಮೊದಲು ನುಂಗುವುದೇ ಕೆಂಪು ಬಣ್ಣವನ್ನು. ಟಾರ್ಚ್ ಇಲ್ಲದಿದ್ದರೆ ಅಷ್ಟು ಆಳದಲ್ಲಿ ಅದು ಬರೀ ಮಂಕು. ಇವನ ವಿಷಯ ಇಷ್ಟೇ, ಬಿಡಿ.

ಎರಡನೆಯದು ಆಂಗ್ಲರ್ ಮೀನು. ಹೆದರಿಸೋಕೆ ಇದಕ್ಕಿಂತ ಬೇಕಾ? ಬೆಳಕೇ ಇಳಿಯದ ಆಳ, ನೆತ್ತಿಯ ಮೇಲೆ ಗಾಳದಂಥ ಕಡ್ಡಿ, ಅದರ ತುದಿಯಲ್ಲಿ ಬ್ಯಾಕ್ಟೀರಿಯಾ ಉರಿಸುವ ದೀಪ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ನಾವೆಷ್ಟು ಮೇಲಿದ್ದೇವೋ ಹೆಚ್ಚುಕಮ್ಮಿ ಅಷ್ಟೇ ಕೆಳಗೆ ಇವನ ಮನೆ. ನನಗಂತೂ ಈ ಲೆಕ್ಕ ಬಹಳ ಹಿಡಿಸಿತು. ಆದರೆ ಅಲ್ಲಿಗೆ ಹುಡುಗಿಯನ್ನು ಕಳಿಸೋದು ಹೇಗೆ? ಹವ್ಯಾಸಿ ಡೈವರ್‌ಗಳ ಮಿತಿ 40 ಮೀಟರ್. 1000 ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲಿನದರ ನೂರು ಪಟ್ಟು. ಕಥೆಯ ಅರ್ಧದಲ್ಲಿ ಇನ್ನೊಂದು ಎಡವಟ್ಟು ಗೊತ್ತಾಯಿತು. ದೀಪ ಇರೋದು ಹೆಣ್ಣಿಗೆ ಮಾತ್ರ! ಗಂಡು ಚೋಟುದ್ದ. ಕೆಲವು ಜಾತಿಗಳಲ್ಲಿ ಅವನು ಹೆಣ್ಣನ್ನು ಕಚ್ಚಿ ಹಿಡಿದು, ಚರ್ಮಕ್ಕೆ ಚರ್ಮ ಬೆಸೆದುಕೊಂಡು, ಅವಳ ರಕ್ತದಲ್ಲೇ ಬದುಕುತ್ತಾನೆ. ಸರಿ, ಭೂತವನ್ನು ಹೆಣ್ಣು ಮಾಡಿದೆ, ಹುಡುಗಿಯ ಜಾಗಕ್ಕೆ ಒಬ್ಬ ಇಂಜಿನಿಯರ್ ಹುಡುಗನನ್ನು ಇಳಿಸಿದೆ. ತಂಗಿ ಓದಿ, "ಅಕ್ಕಾ, ಇದು ಲವ್ ಸ್ಟೋರಿ ಅಲ್ಲ, ಮನೆ ಅಳಿಯನ ಕಥೆ" ಅಂದಳು.

ಮೂರನೆಯವನು ಆಕ್ಟೋಪಸ್. ಇವನ ಜೊತೆ ಎರಡು ತಿಂಗಳು ಕಳೆದೆ. ಮೂರು ಹೃದಯ, ನೀಲಿ ರಕ್ತ. ಈಜುವಾಗ ಮೈಗೆಲ್ಲ ರಕ್ತ ಕಳಿಸುವ ಹೃದಯ ಬಡಿಯೋದನ್ನೇ ನಿಲ್ಲಿಸುತ್ತದೆ, ಅದಕ್ಕೇ ತೆವಳೋದೇ ಜಾಸ್ತಿ. ಅಂದರೆ ಅವಳ ದೋಣಿಯ ಹಿಂದೆ ಈಜಿಕೊಂಡು ಬಂದ ಅಂದರೆ ಎದೆಬಡಿತ ಬಿಟ್ಟು ಬಂದ ಅಂತಲೇ ಅರ್ಥ. ನಾನು ಕಲ್ಪಿಸಿಕೊಂಡು ಬರೆಯುವ ಅಗತ್ಯವೇ ಬರಲಿಲ್ಲ. ಇವನ ತೋಳಿನ ಹೀರುಬಟ್ಟಲುಗಳಿಗೆ ರುಚಿಯೂ ತಿಳಿಯುತ್ತದೆ. ಹಾಗಾಗಿ ಮೊದಲ ಸ್ಪರ್ಶ ಹೀಗಾಯಿತು: "ಮಣಿಕಟ್ಟಿಗೆ ಸುತ್ತಿಕೊಂಡ. ಉಪ್ಪು, ರಬ್ಬರ್, ಅದರಡಿಯಲ್ಲಿ ಎಲ್ಲೋ ಬೆಳಿಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ. ಬಿಡಲು ಮನಸ್ಸಾಗಲಿಲ್ಲ."

ಭೂತ ಆಗೋದಕ್ಕೂ ಕಾರಣ ಸಿಕ್ಕಿತು. ಗಂಡು ಆಕ್ಟೋಪಸ್ ಒಮ್ಮೆ ಕೂಡಿದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ತಂಗಿ ತಕ್ಷಣ ಹಿಡಿದಳು: "ಅಂದ್ರೆ ಇವನಿಗೆ ಆಗ್ಲೇ ಒಂದು ಮದುವೆ ಆಗಿತ್ತು!" ಹೌದಲ್ವಾ? ಆ ಸಾಲನ್ನು ಹಾಗೇ ನಾಯಕಿಯ ಬಾಯಿಗೆ ಹಾಕಿದೆ, ದೋಣಿಗೆ ವಾಪಸ್ ಬಂದ ಮೇಲೆ. ನೀರೊಳಗೆ ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್ ಇರುತ್ತದಲ್ಲ, ಮಾತಿಲ್ಲ.

ಮಾತಿಲ್ಲದ್ದೇ ಒಳ್ಳೆಯದಾಯಿತು. ಮತ್ಸ್ಯಪುರುಷ ಎರಡು ಪುಟ ಡೈಲಾಗ್ ಹೊಡೆದಿದ್ದ. ಇಲ್ಲಿ ಇರೋದು ಡೈವರ್‌ಗಳ ಕೈಸನ್ನೆ ಮಾತ್ರ. ಹೆಬ್ಬೆರಳು ಎತ್ತಿದರೆ "ಸೂಪರ್" ಅಲ್ಲ, "ಮೇಲೆ ಹೋಗು" ಅಂತ. ಕೊನೆಯ ದೃಶ್ಯದಲ್ಲಿ ಸಿಲಿಂಡರ್‌ನಲ್ಲಿ 50 ಬಾರ್ ಗಾಳಿ ಉಳಿದಿದೆ, ಅಂದರೆ ಮೇಲೆ ಹೊರಡಲೇಬೇಕಾದ ಹೊತ್ತು. ಅವಳು ಕದಲುವುದಿಲ್ಲ. ಅವನು ಏಳು ತೋಳು ಬಿಡಿಸಿಕೊಂಡು, ಎಂಟನೆಯದನ್ನು ನೆಟ್ಟಗೆ ಮೇಲಕ್ಕೆತ್ತಿ ಹಿಡಿಯುತ್ತಾನೆ.

ಹಾಳೆ ಮಡಚಿ ತಂಗಿ ಏನೂ ಹೇಳಲಿಲ್ಲ, ಹೆಬ್ಬೆರಳು ಎತ್ತಿದಳು. ಯಾವ ಅರ್ಥದಲ್ಲಿ ಅಂತ ಕೇಳಿದೆ. ಕಾಫಿ ಮಾಡ್ಕೊಂಡು ಬಾ, ಹೇಳ್ತೀನಿ ಅಂದಳು.