ಕಲಬುರಗಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ಬೆಂಗಳೂರಿನ ನೇರ ವಿಮಾನವೋ, ಹೈದರಾಬಾದಿನ ದಾರಿಯೋ?

ಮಗಳು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇದ್ದಾಳೆ ಅಂದರೆ ಸಾಕು, ನಮ್ಮೂರಲ್ಲಿ ಎಲ್ಲರೂ ಹೇಳುವುದು ಒಂದೇ: "ಬೆಂಗಳೂರಿಗೆ ಹೋಗ್ರಿ, ಅಲ್ಲಿಂದ ಸೀದಾ ವಿಮಾನ ಅದ." ನಾನೂ ನನ್ನ ಹೆಂಡತಿಯೂ ಹಾಗೂ ಹೋಗಿದ್ದೇವೆ. ಹೈದರಾಬಾದಿನಿಂದ ದುಬೈ ಮೇಲೂ, ಫ್ರಾಂಕ್‌ಫರ್ಟ್ ಮೇಲೂ ಹೋಗಿದ್ದೇವೆ.

ನೇರ ವಿಮಾನ ಹಾರುತ್ತಿದ್ದರೆ ಆಕಾಶದ ಲೆಕ್ಕದಲ್ಲಿ ಬೆಂಗಳೂರೇ ಗೆಲ್ಲುತ್ತದೆ. ನೇರ ದೂರ ಸುಮಾರು 14,000 ಕಿ.ಮೀ., ಹೋಗುವಾಗ ಹೆಚ್ಚುಕಡಿಮೆ 16 ಗಂಟೆ. ಬರುವಾಗ ಒಂದೆರಡು ಗಂಟೆ ಜಾಸ್ತಿ. 2021ರ ಜನವರಿಯಲ್ಲಿ ಇದು ಶುರುವಾದಾಗ ಅಲ್ಲಿಂದ ಬಂದ ಮೊದಲ ವಿಮಾನ ಉತ್ತರ ಧ್ರುವದ ಮೇಲೆ ಹಾರಿತ್ತು, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಗಡಿಯಾರದ ತಮಾಷೆಯೂ ಇದೆ. ಅಲ್ಲಿನ ಸಮಯ ಬೇಸಿಗೆಯಲ್ಲಿ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಹಾಗಾಗಿ ಮಧ್ಯಾಹ್ನ ಹೊರಟರೆ ಅದೇ ತಾರೀಕಿನ ಸಂಜೆ ಇಳಿಯುತ್ತೀರಿ!

ಆದರೆ ನಾವು ದೇವನಹಳ್ಳಿಯಲ್ಲಿ ಇಲ್ಲವಲ್ಲ. ವಂದೇ ಭಾರತ್ ಹಿಡಿದರೂ ಬೆಂಗಳೂರಿಗೆ ಸುಮಾರು 9 ಗಂಟೆ. ಬೈಯಪ್ಪನಹಳ್ಳಿಯಲ್ಲಿ ಇಳಿದು ಟ್ರಾಫಿಕ್ ದಾಟಿ ಏರ್‌ಪೋರ್ಟಿಗೆ ಹೋಗಬೇಕು. ರೈಲು ತಡವಾದರೆ ಎಂಬ ಭಯಕ್ಕೆ ಒಂದು ರಾತ್ರಿ ಲಾಡ್ಜ್ ಬೇರೆ. ಹೈದರಾಬಾದಿನ ಏರ್‌ಪೋರ್ಟ್ ಇರುವ ಶಂಷಾಬಾದ್ ಹಾಗಲ್ಲ. ಹುಮನಾಬಾದ್, ಜಹೀರಾಬಾದ್ ಮೇಲೆ ಕಾರಿನಲ್ಲಿ 5 ಗಂಟೆ, ಬ್ಯಾಗು ಮನೆ ಬಾಗಿಲಲ್ಲಿ ಏರಿಸಿದ್ದು ಅಲ್ಲೇ ಇಳಿಯುತ್ತದೆ. (ಶ್ರೀನಿವಾಸ ಸರಡಗಿಯ ನಮ್ಮ ಏರ್‌ಪೋರ್ಟನ್ನು ಲೆಕ್ಕಕ್ಕೆ ಹಿಡಿದಿಲ್ಲ. ತಲೆಗೆ 23 ಕಿಲೋದ ಎರಡೆರಡು ಬ್ಯಾಗು, ಅದರಲ್ಲಿ ಅರ್ಧ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಸಣ್ಣ ವಿಮಾನದಲ್ಲಿ ಅದರ ಗತಿ ಏನು?)

ಹೈದರಾಬಾದಿನಿಂದ ದುಬೈ 2,550 ಕಿ.ಮೀ., 4 ಗಂಟೆ. ಕೂತು ಊಟ ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತು. ಆಮೇಲೆ ಶುರುವಾಗುವುದು ನಿಜವಾದ ಪರೀಕ್ಷೆ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇನ್ನೂ 13,000 ಕಿ.ಮೀ., ಮತ್ತೆ ಸುಮಾರು 16 ಗಂಟೆ. ಅಂದರೆ ನೇರ ವಿಮಾನದಲ್ಲಿ ಎಷ್ಟು ಕೂರಬೇಕೋ ಅಷ್ಟೇ! ನಡುವೆ ಇಳಿದ ಲಾಭ ಏನು ಬಂತು?

ಫ್ರಾಂಕ್‌ಫರ್ಟ್ ದಾರಿ ಮೂರರಲ್ಲೂ ಉದ್ದ. 7,100 ಮತ್ತು 9,100 ಸೇರಿ 16,200 ಕಿ.ಮೀ. ಆದರೆ ಅದು ಪ್ರಯಾಣವನ್ನು ಸರಿಯಾಗಿ ನಡುವೆ ಮುರಿಯುತ್ತದೆ. ಮೊದಲು 9–10 ಗಂಟೆ, ಆಮೇಲೆ 11ರ ಮೇಲೆ ಸ್ವಲ್ಪ. ಮೊಣಕಾಲು ನೋವಿನ ನನ್ನ ಹೆಂಡತಿ ಇದನ್ನೇ ಆರಿಸಿದ್ದಾಳೆ, ನನ್ನ ವೋಟೂ ಅದಕ್ಕೇ. ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೆ ಮೂರೂ 30 ಗಂಟೆಯ ಆಸುಪಾಸು, ಬೆಂಗಳೂರಿನ ಲಾಡ್ಜ್ ರಾತ್ರಿ ಬಿಟ್ಟು.

ಬೆಂಗಳೂರಿನಲ್ಲಿ ಮಗನೋ ತಂಗಿಯೋ ಇದ್ದು, ಹಿಂದಿನ ದಿನ ಅವರ ಮನೆಯಲ್ಲಿ ಮಲಗಿ ಹೋಗುವವರಿಗೆ, ಅದು ಹಾರುತ್ತಿದ್ದರೆ, ನೇರ ವಿಮಾನವೇ ಸರಿ. ವಿಮಾನ ಬದಲಿಸುವ ಗೋಜೇ ಇಲ್ಲ, ಇಂಗ್ಲಿಷ್ ಬಾರದ ಹಿರಿಯರು ಒಬ್ಬರೇ ಹೊರಟಿದ್ದರಂತೂ ಅದೇ ವಾಸಿ. ಫ್ರಾಂಕ್‌ಫರ್ಟ್ ಮೇಲೆ ಹೋಗುವವರು ನಡುವೆ 3 ಗಂಟೆಯಾದರೂ ಇರುವ ಟಿಕೆಟ್ ತೆಗೆಯಿರಿ. ಅಲ್ಲಿ ನಡಿಗೆ ಬಹಳ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ.