ಸಿಬಿ ರೇಡಿಯೋ ಗದ್ದಲ ತೆಗೀತೀವಿ ಅಂತ ಬಂದವರು ಪ್ಲಗ್ಗಿನ ಅರ್ತ್ ತೆಗೆದು ಹೋದರು

ಮನೆಯಲ್ಲಿ ಸಿಬಿ (ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನ ತಮ್ಮತಮ್ಮಲ್ಲಿ ಮಾತಾಡಲು ಬಳಸುವ ರೇಡಿಯೋ) ಬೇಸ್ ಸ್ಟೇಷನ್ ಇಟ್ಟುಕೊಂಡವರು, ಇಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ರೇಡಿಯೋದ ಗೊರ್ ಸದ್ದು ಹೋಗಬೇಕಾದರೆ ಪ್ಲಗ್ಗಿನ ಮೂರನೇ ಪಿನ್ ತಪ್ಪಿಸಬೇಕು ಅಂತ ಯಾರಾದರೂ ಹೇಳಿದರೆ, ಅವರಿಗೆ ಎಷ್ಟೇ ವರ್ಷದ ಅನುಭವ ಇರಲಿ, ಕೆಲಸ ಅಲ್ಲಿಗೇ ನಿಲ್ಲಿಸಿ ಕಳಿಸಿಬಿಡಿ. ನಮ್ಮ ಮನೆಗೆ ಬಂದವರಂತೂ ಹೇಳಲೂ ಇಲ್ಲ. ಮೇಜಿನ ಹಿಂದೆ ಸುಮ್ನೆ ಒಂದು ಎರಡು ಪಿನ್ ಅಡಾಪ್ಟರ್ ಸಿಕ್ಕಿಸಿ ಹೋಗಿದ್ದರು.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಅಮೆರಿಕದಲ್ಲಿ ಸಿಬಿಗೆ ಪರೀಕ್ಷೆ ಇಲ್ಲ, ಬೇರೆ ಲೈಸೆನ್ಸ್ ತಗೋಬೇಕಾಗಿಲ್ಲ. 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ 40 ಚಾನೆಲ್. ಕಳಿಸುವ ಶಕ್ತಿಗೆ ಮಿತಿ ಇದೆ: ಎಎಂ ಅನ್ನುವ ವಿಧಾನದಲ್ಲಿ 4 ವಾಟ್, ಸೈಡ್‌ಬ್ಯಾಂಡ್ ಅನ್ನುವ ವಿಧಾನದಲ್ಲಿ 12 ವಾಟ್. 19ನೇ ಚಾನೆಲ್‌ನಲ್ಲಿ ಟ್ರಕ್ ಡ್ರೈವರ್‌ಗಳ ಮಾತು, ಸಂಜೆ ಹೊತ್ತು ಸೈಡ್‌ಬ್ಯಾಂಡ್‌ನಲ್ಲಿ ಊರಿನ ಹಿರಿಯರ ಹರಟೆ. ಹೊಸ ಮನೆಗೆ ಬಂದ ಮೇಲೆ ಇದ್ಯಾವುದೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಯಾರೂ ಮಾತಾಡದಿದ್ದರೂ, ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್-ಮೀಟರ್ ಮುಳ್ಳು 5ರ ಮೇಲೆ ಕೂತಿರುತ್ತಿತ್ತು. ಹತ್ತಿರದವರು ಕೇಳಿಸುತ್ತಿದ್ದರು, ದೂರದವರು ಗದ್ದಲದಲ್ಲಿ ಮುಳುಗಿಹೋಗುತ್ತಿದ್ದರು.

ರೇಡಿಯೋ ಕೊಂಡಿದ್ದ ಅಂಗಡಿಗೆ ಫೋನ್ ಮಾಡಿದೆ. ಅವರ ಹತ್ತಿರ ಇದಕ್ಕೆಂದೇ ಒಂದು ಪ್ಯಾಕೇಜ್ ಇದೆ ಅಂದರು. ಬಂದವರು ರೇಡಿಯೋ ಆನ್ ಮಾಡಿ ಸ್ವಲ್ಪ ಹೊತ್ತು ಕೇಳಿ, "ಅರ್ತ್ ಸರಿ ಇಲ್ಲ ಸರ್" ಎಂದು ತೀರ್ಪು ಕೊಟ್ಟರು. ಮನೆಯ ಒಂದೇ ಒಂದು ಬ್ರೇಕರ್ ಆಫ್ ಮಾಡಿ ನೋಡಲಿಲ್ಲ. ಕಿಟಕಿಯ ಹೊರಗೆ ನೆಲಕ್ಕೆ 8 ಅಡಿಯ ಅರ್ತ್ ರಾಡ್ ಹೊಡೆದರು. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಒಂದು "ನಾಯ್ಸ್ ಫಿಲ್ಟರ್" ಡಬ್ಬಿ ಕೊಟ್ಟರು. ಕಂಡ ಕಂಡ ವೈರಿಗೆಲ್ಲ ಕ್ಲಿಪ್ ಫೆರೈಟ್ (ವೈರಿನಲ್ಲಿ ಬರುವ ಗದ್ದಲ ತಡೆಯುವ ಕಾಂತೀಯ ಉಂಗುರ) ಹಾಕಿದರು. ಹಳೆಯ ಪವರ್ ಸಪ್ಲೈ ತೆಗೆದು, ಹಗುರಾದ ಹೊಸದೊಂದನ್ನು ಇಟ್ಟರು. ಹೋಗುವಾಗ, ಒಂದು ಲೀನಿಯರ್ ಆಂಪ್ಲಿಫೈಯರ್ ಹಾಕಿಸಿಕೊಂಡರೆ ಇನ್ನೂ ಚೆನ್ನ ಅಂತ ಸಲಹೆ ಬೇರೆ. ಗದ್ದಲ ಇರುವುದು ನಾನು ಕೇಳುವುದರಲ್ಲಿ. ನಾನು ಕಳಿಸುವುದನ್ನು ಜೋರು ಮಾಡಿದರೆ ಅದು ಹೇಗೆ ಕಡಿಮೆ ಆಗುತ್ತದೆ? ಅದೂ ಅಲ್ಲದೆ ಸಿಬಿಯಲ್ಲಿ ಆಂಪ್ಲಿಫೈಯರ್ ಹಾಕುವುದು ಕಾನೂನಿಗೇ ವಿರುದ್ಧ. ಅದನ್ನು ಮಾರುವವರು ಬೇರೆ ವಿಷಯದಲ್ಲಿ ಏನು ಹೇಳಿದರೂ ಸ್ವಲ್ಪ ಅನುಮಾನದಿಂದಲೇ ಕೇಳಿ.

ಅವತ್ತು ರಾತ್ರಿ ಮುಳ್ಳು 9 ದಾಟಿತ್ತು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ಮಳೆ ಮೋಡ ಕಟ್ಟಿದ ಒಂದು ದಿನ, ಸಿಡಿಲಿಗೆ ಮುಂಚೆ ಆಂಟೆನಾ ಕೇಬಲ್ ಬಿಚ್ಚಿಡೋಣ ಅಂತ ಹೋದೆ. ಎಡಗೈಯಲ್ಲಿ ರೇಡಿಯೋ ಹಿಡಿದು, ಬಲಗೈಯಲ್ಲಿ ಹಿಂದಿನ ಕನೆಕ್ಟರ್ ತಿರುಗಿಸಿದೆ. ಕನೆಕ್ಟರ್ ರೇಡಿಯೋ ಬಿಟ್ಟು ಕೈಗೆ ಬಂದ ಕ್ಷಣಕ್ಕೆ ಎರಡೂ ಅಂಗೈಯಲ್ಲಿ ಜುಮ್ ಅಂತು. ಜೋರಾಗಿ ಹೊಡೆಯಲಿಲ್ಲ, ಆದರೆ ಕರೆಂಟು ಅಂತ ಗೊತ್ತಾಗುವಷ್ಟು ಇತ್ತು. ಮೇಜು ಮುಂದಕ್ಕೆ ಎಳೆದು ನೋಡಿದಾಗ ಅಡಾಪ್ಟರ್ ಸಿಕ್ಕಿತು.

ಮಾರನೇ ದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವರು ಬಿಡಿಸಿ ಹೇಳಿದ್ದು ಹೀಗೆ. ಇಂಥ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಬಂದು ಲೋಹದ ಡಬ್ಬಿಗೆ ಸೇರುತ್ತವೆ. ಡಬ್ಬಿ ಅರ್ತ್ ಆಗಿದ್ದರೆ ಏನೂ ತೊಂದರೆ ಇಲ್ಲ. ಅರ್ತ್ ಪಿನ್ ತಪ್ಪಿಸಿದರೆ ಡಬ್ಬಿ ಎರಡರ ನಡುವೆ ತೇಲುತ್ತದೆ. ಇಲ್ಲಿನ 120 ವೋಲ್ಟ್‌ಗೆ ಸುಮಾರು 60. ಭಾರತದ ನಮ್ಮ ಊರಿನ 230ಕ್ಕೆ ಲೆಕ್ಕ ಹಾಕಿದರೆ 115! ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಮ್ ಅನ್ನುತ್ತದೆ. ಆದರೆ ಒಳಗೆ ಯಾವತ್ತಾದರೂ ಫೇಸ್ ವೈರ್ ಡಬ್ಬಿಗೆ ತಾಗಿದರೆ?

ಆಗ ಹೊಸ ರಾಡ್ ಕಾಪಾಡುತ್ತದೆ ಅಂತ ನೀವು ಅಂದುಕೊಳ್ಳಬಹುದು. ಕಾಪಾಡುವುದಿಲ್ಲ. ಒಂದು ರಾಡ್ ಮತ್ತು ಮಣ್ಣಿನ ನಡುವಿನ ತಡೆ 25 ಓಮ್ ಇದ್ದರೆ ಅದೇ ಒಳ್ಳೆಯದು ಅಂತ ಲೆಕ್ಕ. 120 ವೋಲ್ಟ್‌ನಲ್ಲಿ ಅದರ ಮೂಲಕ ಹರಿಯುವುದು 5 ಆಂಪಿಯರ್ ಕೂಡ ಇಲ್ಲ. 15 ಆಂಪಿಯರ್ ಬ್ರೇಕರ್‌ಗೆ ಅದು ಗೊತ್ತೇ ಆಗುವುದಿಲ್ಲ. ಬ್ರೇಕರ್ ಬೀಳಬೇಕಾದರೆ ಕರೆಂಟು ಅರ್ತ್ ವೈರಿನಲ್ಲಿ ಮನೆಯ ಪ್ಯಾನೆಲ್‌ಗೆ ವಾಪಸ್ ಬರಬೇಕು. ಆ ವೈರನ್ನೇ ಇವರು ತಪ್ಪಿಸಿದ್ದರು.

ಅಡಾಪ್ಟರ್ ಯಾಕೆ ಹಾಕಿದರು ಅನ್ನುವುದೂ ಆಮೇಲೆ ಗೊತ್ತಾಯಿತು. ಹೊಡೆದ ರಾಡನ್ನು ಮನೆಯ ಮೂಲ ಅರ್ತ್‌ಗೆ ಜೋಡಿಸಿರಲೇ ಇಲ್ಲ. ಎರಡು ಅರ್ತ್ ಬೇರೆ ಬೇರೆ ಇದ್ದರೆ ಅವುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇರುತ್ತದೆ, ರೇಡಿಯೋ ಮೂಲಕ ಸಣ್ಣ ಕರೆಂಟು ಸುತ್ತುತ್ತದೆ, ಗೊರ್ ಅನ್ನುವ ಹಮ್ ಬರುತ್ತದೆ. ಅಂದರೆ ಹಮ್ ಶುರು ಮಾಡಿದ್ದೇ ಅವರ ರಾಡ್. ಅದನ್ನು ಮುಚ್ಚಲು ಅಡಾಪ್ಟರ್. ಇಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 810ನೇ ಆರ್ಟಿಕಲ್‌ನಲ್ಲಿ ಸ್ಪಷ್ಟವಾಗಿ ಇದೆ: ಆಂಟೆನಾಗೆ ಬೇರೆ ರಾಡ್ ಹಾಕಿದರೆ ಅದನ್ನು ಮನೆಯ ಅರ್ತ್‌ಗೆ ದಪ್ಪ ತಾಮ್ರದ ತಂತಿಯಲ್ಲಿ, 6 ಗೇಜ್‌ಗಿಂತ ತೆಳ್ಳಗಿಲ್ಲದ್ದರಲ್ಲಿ, ಜೋಡಿಸಲೇಬೇಕು. ಜೋಡಿಸದಿದ್ದರೆ ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಅರ್ತ್‌ಗಳ ನಡುವಿನ ಸಾವಿರಾರು ವೋಲ್ಟ್ ದಾರಿ ಹುಡುಕುವುದು ನಿಮ್ಮ ರೇಡಿಯೋದ ಒಳಗೇ.

ಇನ್ನು ಗದ್ದಲದ ವಿಷಯ. ಮೂಲ ಹುಡುಕುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲದ ದಾರಿ ಇದೆ, ಅದನ್ನು ಆ ಅಂಗಡಿಯವರು ಹೇಳಲೇ ಇಲ್ಲ. ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ. ಕಂಪ್ಯೂಟರ್ ಎಲ್ಲ ಸರಿಯಾಗಿ ಮುಚ್ಚಿ, ಮನೆಯ ಮೇನ್ ಆಫ್ ಮಾಡಿ. ಮುಳ್ಳು ಬಿದ್ದರೆ ಗದ್ದಲ ನಿಮ್ಮ ಮನೆಯದೇ. ಆಮೇಲೆ ಎಲ್ಲ ಬ್ರೇಕರ್ ಆಫ್ ಮಾಡಿ ಮೇನ್ ಹಾಕಿ, ಒಂದೊಂದೇ ಬ್ರೇಕರ್ ಆನ್ ಮಾಡುತ್ತಾ ಮುಳ್ಳು ನೋಡಿ. ಮನೆಯಲ್ಲಿ ಯಾರಾದರೂ ವೈದ್ಯಕೀಯ ಯಂತ್ರದ ಮೇಲೆ ಇದ್ದರೆ ಈ ಪ್ರಯೋಗ ಬೇಡ. ಬೆಂಗಳೂರು, ಮೈಸೂರಿನಲ್ಲಿ ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ) ಸ್ಟೇಷನ್ ಇಟ್ಟಿರುವವರಿಗೂ ಇದೇ ಮಾತು. ಆದರೆ ಅಲ್ಲಿ ಮೇನ್ ತೆಗೆದ ತಕ್ಷಣ ಮನೆಯ ಯುಪಿಎಸ್ ಎದ್ದು ಕೂರುತ್ತದಲ್ವಾ, ಮೊದಲು ಅದನ್ನು ಆಫ್ ಮಾಡಿ. ಅದೇ ಜಾಸ್ತಿ ಗದ್ದಲ ಮಾಡುವುದೂ ಉಂಟು.

ನಮ್ಮ ಮನೆಯಲ್ಲಿ ಮೊದಲು ಸಿಕ್ಕಿಬಿದ್ದದ್ದು ಅವರೇ ಇಟ್ಟುಹೋದ ಪವರ್ ಸಪ್ಲೈ. ಇಂಥ ಹಗುರಾದ, ಅಗ್ಗದ ಸ್ವಿಚಿಂಗ್ ಸಪ್ಲೈಯ ಗದ್ದಲಕ್ಕೆ ಒಂದು ಗುರುತಿದೆ: ಎಲ್ಲ ಚಾನೆಲ್‌ನಲ್ಲೂ ಒಂದೇ ಸಮ ಇರುವುದಿಲ್ಲ. ಒಂದು ಚಾನೆಲ್‌ನಲ್ಲಿ ಕಿವಿ ಹರಿಯುತ್ತದೆ, ನಾಲ್ಕು ಚಾನೆಲ್ ಆಚೆ ತಣ್ಣಗಾಗುತ್ತದೆ, ಮತ್ತೆ ಏಳುತ್ತದೆ. ಸಪ್ಲೈ ಬಿಸಿಯಾದಂತೆ ಈ ದಿಬ್ಬಗಳು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತವೆ. ಹಳೆಯ, ಭಾರದ ಟ್ರಾನ್ಸ್‌ಫಾರ್ಮರ್ ಸಪ್ಲೈಯನ್ನೇ ವಾಪಸ್ ಹಾಕಿದೆ, ಅರ್ಧ ತಲೆನೋವು ಹೋಯಿತು. ಉಳಿದದ್ದು ಅಡುಗೆಮನೆಯ ಕ್ಯಾಬಿನೆಟ್ ಕೆಳಗಿನ ಎಲ್‌ಇಡಿ ಪಟ್ಟಿಯ ಡ್ರೈವರ್ ಮತ್ತು ರೌಟರ್‌ನ ಗೋಡೆ ಅಡಾಪ್ಟರ್.

ಫಿಲ್ಟರ್ ಡಬ್ಬಿಯನ್ನು ಕಿತ್ತು ಬಿಚ್ಚಿ ನೋಡಿದೆ. ಒಳಗೆ ಒಂದು ಕೆಪಾಸಿಟರ್, ಒಂದು ಹಸಿರು ಎಲ್‌ಇಡಿ. ಆ ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು.

ಕ್ಲಿಪ್ ಫೆರೈಟ್ ಪೂರ್ತಿ ಮೋಸ ಅಲ್ಲ. ಆದರೆ ಯಾವ ಮಿಕ್ಸ್, ಅಂದರೆ ಯಾವ ಬಗೆಯ ಫೆರೈಟ್ ವಸ್ತು ಅಂತ ಬರೆಯದೆ ಮಾರುವುದನ್ನು ಕೊಳ್ಳಬೇಡಿ. 27 ಮೆಗಾಹರ್ಟ್ಸ್‌ಗೆ 31 ಅಥವಾ 43 ಮಿಕ್ಸ್ ಬೇಕು. ವೈರ್ ಒಮ್ಮೆ ಹಾದುಹೋದರೆ ಲಾಭ ಅಷ್ಟಕ್ಕಷ್ಟೆ. ಸುತ್ತು ಹೆಚ್ಚಿದಂತೆ ತಡೆ ವರ್ಗದಲ್ಲಿ ಏರುತ್ತದೆ, ಮೂರು ಸುತ್ತಿಗೆ ಹೆಚ್ಚುಕಡಿಮೆ ಒಂಬತ್ತರಷ್ಟು. ತೀರಾ ಜಾಸ್ತಿ ಸುತ್ತಿದರೂ ಈ ಫ್ರೀಕ್ವೆನ್ಸಿಯಲ್ಲಿ ಉಪಯೋಗ ಇಲ್ಲ. ನಾನು ದೊಡ್ಡ 31 ಮಿಕ್ಸ್ ಉಂಗುರಕ್ಕೆ ಆಂಟೆನಾ ಕೇಬಲ್‌ನ ಐದಾರು ಸುತ್ತು ಹಾಕಿ, ಆಂಟೆನಾ ಬುಡದಲ್ಲೇ ಕಟ್ಟಿದೆ. ಕೇಬಲ್‌ನ ಹೊರಮೈಯಲ್ಲಿ ಹತ್ತಿ ಬರುತ್ತಿದ್ದ ಮನೆಯ ಗದ್ದಲ ಅಲ್ಲಿಗೆ ನಿಂತಿತು. ಈಗ ಮುಳ್ಳು 1ರ ಆಸುಪಾಸು.

ಮೇನ್ ಆಫ್ ಮಾಡಿದರೂ ಗದ್ದಲ ಹೋಗದೆ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತಿದ್ದರೆ, ಮಳೆ ಬಂದಾಗ ಕಡಿಮೆಯಾಗುತ್ತಿದ್ದರೆ, ಬೀದಿಯ ವಿದ್ಯುತ್ ಕಂಬದ ಮೇಲೆ ಅನುಮಾನ ಪಡಿ. ಸಣ್ಣ ಎಎಂ ರೇಡಿಯೋ ಹಿಡಿದು ಬೀದಿಯಲ್ಲಿ ನಡೆದರೆ ಯಾವ ಕಂಬದ ಹತ್ತಿರ ಜೋರು ಅಂತ ತಿಳಿಯುತ್ತದೆ. ಕಂಬದ ನಂಬರ್ ಬರೆದು ವಿದ್ಯುತ್ ಕಂಪನಿಗೆ ದೂರು ಕೊಡಿ. ಕಂಬಕ್ಕೆ ಸುತ್ತಿಗೆಯಲ್ಲಿ ಬಡಿದು, ಕಂಬವನ್ನು ಎಳೆದು ಹಿಡಿದಿರುವ ಸ್ಟೇ ತಂತಿ ಅಲ್ಲಾಡಿಸಿ ಪರೀಕ್ಷೆ ಮಾಡುವವರಿದ್ದಾರೆ. ಸಡಿಲವಾಗಿರುವುದು ಮೇಲಿಂದ ತಲೆ ಮೇಲೇ ಬೀಳಬಹುದು, ಅದನ್ನು ಮಾತ್ರ ಮಾಡಬೇಡಿ.

ಅಂಗಡಿಯವರು ಪವರ್ ಸಪ್ಲೈ ದುಡ್ಡು ವಾಪಸ್ ಕೊಟ್ಟರು. ಉಳಿದದ್ದಕ್ಕೆ ಇನ್ನೂ ಎಳೆದಾಟ ನಡೆದಿದೆ. ಬಿಲ್ಲಿನಲ್ಲಿ "ನಾಯ್ಸ್ ಪ್ಯಾಕೇಜ್" ಅಂತ ಒಂದೇ ಸಾಲು ಇರುವುದರಿಂದ ಏನು ಮಾಡಿದ್ದಾರೆ ಅಂತ ತೋರಿಸುವುದೇ ಕಷ್ಟವಾಗಿದೆ. ನೀವು ಯಾರನ್ನಾದರೂ ಕರೆಸುವುದಾದರೆ ಒಂದೊಂದು ಕೆಲಸವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ರಾಡ್ ಹೊಡೆಯುವ ಮಾತು ಬಂದರೆ, ಅದರಿಂದ ಪ್ಯಾನೆಲ್ ಅರ್ತ್‌ವರೆಗಿನ ತಾಮ್ರದ ತಂತಿ ಎಷ್ಟು ಗೇಜ್ ಅನ್ನುವುದೂ ಆ ಬಿಲ್ಲಿನಲ್ಲಿ ಇರಲಿ.